ಯಾರ ಮನೆಗೂ ಅಲ್ಲದ ದಾರಿ

ಫರಂಗಿಪೇಟೆಯ ಟೈಲರ್ ಮಾಜಿದಾಳಿಗೆ ಐವತ್ತೆರಡು ವರ್ಷ. ಅವಳು ಹೊಲಿದ ರವಿಕೆ ತೊಡದ ಮದುಮಗಳು ನಮ್ಮ ಕಡೆ ಕಡಿಮೆ. ತನ್ನ ದುಡಿಮೆಯಲ್ಲೇ ಒಂದು ಹಳೆಯ ಆಲ್ಟೊ ಕೊಂಡಳು, ಆದರೆ ಕಾರು ಇರುವುದು ತಮ್ಮ ಅಬ್ಬಾಸನ ಹೆಸರಿನಲ್ಲಿ. "ಹೆಂಗಸರ ಹೆಸರಲ್ಲಿ ಯಾಕೆ ಸುಮ್ಮನೆ?" ಎಂದು ಅವನೇ ಮಾಡಿಸಿಕೊಂಡಿದ್ದ. ಕೆಲಸಕ್ಕೆ ಮಾತ್ರ ಓಡಿಸಬೇಕು, ಎಲ್ಲೆಲ್ಲೋ ತಿರುಗಿದ್ದು ಗೊತ್ತಾದರೆ ಕೀ ವಾಪಸ್ ಎಂಬುದು ಅವನ ಕಾನೂನು. ನಾನು ಶಶಿಪ್ರಭಾ, ಪಕ್ಕದ ಮನೆಯವಳು, ನಿವೃತ್ತ ಟೀಚರ್. ಆ ಕಾನೂನು ಕೇಳಿದ ದಿನ ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ.

ಕಳೆದ ನವೆಂಬರಿನಲ್ಲಿ ಕಕ್ಕಿಂಜೆಯ ಮದುವೆ ಮನೆಗೆ ಬಟ್ಟೆ ಕೊಡಲು ಹೊರಟಾಗ ನಾನೂ ಕಾರು ಹತ್ತಿದೆ. ಹನ್ನೊಂದು ಗಂಟೆಗೆ ಕೆಲಸ ಮುಗಿಯಿತು. ನೆರಿಯದ ರಸ್ತೆ ಕವಲೊಡೆಯುವಲ್ಲಿ ಮಾಜಿದಾ ಬ್ರೇಕ್ ಒತ್ತಿದಳು.

"ಟೀಚರೇ, ಈ ದಾರಿಯಲ್ಲಿ ಹೋದ್ರೆ ಘಟ್ಟ ಕೈಗೆ ಸಿಗುವಷ್ಟು ಹತ್ತಿರ ಕಾಣ್ತದಂತೆ. ಹೋಗುವನಾ?"

ನಾನು ಬಾಯಿ ತೆರೆಯುವ ಮೊದಲೇ ಗೂಡಂಗಡಿಯ ಲೋಕಯ್ಯ ಕತ್ತು ಹೊರಗೆ ಹಾಕಿದ. "ಯಾರ ಮನೆಗೆ?"

"ಯಾರ ಮನೆಗೂ ಅಲ್ಲ."

"ಹಾಗಾದ್ರೆ ಯಾಕೆ ಮಾರಾಯ್ತಿ? ಎದುರಿಂದ ಜೀಪು ಬಂದ್ರೆ ಸೈಡ್ ಕೊಡ್ಲಿಕ್ಕೆ ಜಾಗ ಇಲ್ಲ. ಅಲ್ಲಿ ಎಂತ ಉಂಟು, ಕಾಡು!"

ನಮ್ಮಲ್ಲಿ ಹೆಂಗಸು ಹೊರಟರೆ ಕೊನೆಗೊಂದು ಮನೆ ಇರಲೇಬೇಕು. ಮದುವೆಯದೋ, ಬಾಣಂತಿಯದೋ, ಸಾವಿನದೋ. ಗುಡ್ಡ ನೋಡಲು ಹೋಗುವುದು ಗಂಡಸರು, ಅದೂ ಬೈಕಿನಲ್ಲಿ, ಕೂಗುತ್ತಾ. ಮಾಜಿದಾ ಗೇರ್ ಹಾಕಿ ಕಾರನ್ನು ಆ ದಾರಿಗೇ ತಿರುಗಿಸಿದಳು.

ಹೊಂಡ ತಪ್ಪಿಸುತ್ತಾ ರಬ್ಬರ್ ತೋಟಗಳ ನಡುವೆ ಹತ್ತಿಪ್ಪತ್ತು ನಿಮಿಷ ಹೋಗಿರಬೇಕು, ಫೋನ್ ಹೊಡೆದುಕೊಂಡಿತು. ಅಬ್ಬಾಸ್. ಅವಳು ತೆಗೆಯಲಿಲ್ಲ. ಮೂರನೆಯ ಸಲ ಹೊಡೆದಾಗ ಅವಳ ಧೈರ್ಯ ಕುಸಿಯಿತು.

"ಸಾಕು ಟೀಚರೇ. ಕೀ ಹೋದ್ರೆ ನನ್ನ ಕೆಲಸವೂ ಹೋಯಿತು. ತಿರುಗಿಸುವ."

ರಸ್ತೆಯಲ್ಲಿ ತಿರುಗಿಸಲು ಜಾಗವೇ ಇಲ್ಲ. ಒಂದು ಮನೆಯ ಅಂಗಳಕ್ಕೆ ನುಗ್ಗಿಸಿದಳು. ರಿವರ್ಸ್ ಹಾಕುವಷ್ಟರಲ್ಲಿ ಇಬ್ಬರು ಹೆಂಗಸರು ಓಡಿ ಬಂದು ಬಾಗಿಲು ತೆರೆದು, ಕೈ ಹಿಡಿದು ಒಳಗೆ ಕೂರಿಸಿದರು. ಬಂದವರಿಗೆ ಕುಡಿಯಲು ಕೊಡುವ ಮೊದಲು ಬಂದ ಕಾರಣ ಕೇಳುವ ಕ್ರಮ ನಮ್ಮಲ್ಲಿಲ್ಲ. ಶರಬತ್ತು ಬಂತು, ಕುಡಿದೆವು. ಆಮೇಲೆ ತಲೆಗೆ ಶಾಲು ಹೊದ್ದ ಹುಡುಗಿಯೊಬ್ಬಳು ತಲೆ ತಗ್ಗಿಸಿ ತಿಂಡಿಯ ತಟ್ಟೆ ತಂದಳು.

"ಇವಳೇ ಫಾಹಿಮಾ," ಎಂದರು ಇಬ್ಬರಲ್ಲಿ ಹಿರಿಯರು, ಹುಡುಗಿಯ ತಾಯಿ. "ಮೂಡುಬಿದಿರೆಯಿಂದ ಬರುವಾಗ ದಾರಿ ಕಷ್ಟ ಆಯ್ತಾ?"

ಆಗ ನನಗೆ ಹೊಳೆಯಿತು. ನಮ್ಮನ್ನು ಹುಡುಗಿ ನೋಡಲು ಬಂದವರು ಎಂದುಕೊಂಡಿದ್ದರು! ವಿಳಾಸ ತಪ್ಪಿತು ಎಂದು ಹೇಳಿ ಜಾರಿಕೊಳ್ಳೋಣ ಅಂದುಕೊಂಡೆ. ಮಾಜಿದಾ ಗ್ಲಾಸು ಕೆಳಗಿಟ್ಟಳು.

"ತಪ್ಪು ತಿಳೀಬೇಡಿ. ನಾವು ಮೂಡುಬಿದಿರೆಯವರಲ್ಲ. ಗುಡ್ಡ ನೋಡ್ಲಿಕ್ಕೆ ಬಂದದ್ದು."

"ಗುಡ್ಡ ನೋಡ್ಲಿಕ್ಕಾ?" ತಾಯಿಯ ಮುಖ ಗಂಟಾಯಿತು. "ಜೊತೆಯಲ್ಲಿ ಗಂಡಸರು ಯಾರೂ ಇಲ್ಲದೆ?"

ಫಾಹಿಮಾ ಆಗ ಮೊದಲ ಸಲ ತಲೆ ಎತ್ತಿದಳು. "ಮತ್ತೆ ಇಲ್ಲಿ ಯಾಕೆ ತಿರುಗಿಸಿದ್ದು? ಇನ್ನೊಂದು ತಿರುವು ಉಂಟಲ್ಲ, ಅಲ್ಲಿಂದಲೇ ಕಾಣುವುದು. ಶಾಲೆಗೆ ಹೋಗುವಾಗ ದಿನಾ ನೋಡ್ತಿದ್ದೆ. ಈಗ ಅಲ್ಲಿಯವರೆಗೆ ಹೋಗ್ಬೇಕಾದ್ರೆ ಕಾರಣ ಕೇಳ್ತಾರೆ."

ತಾಯಿ ಅವಳನ್ನು ಗದರಿದರು. ಮಾಜಿದಾ ಎದ್ದು, ಹುಡುಗಿಯ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು. ಅಂಗಳದಲ್ಲಿ ಕಾರಿನ ಮೂತಿಯನ್ನು ಊರಿನ ಕಡೆಗಲ್ಲ, ಘಟ್ಟದ ಕಡೆಗೆ ತಿರುಗಿಸಿದಳು.

ತಿರುವು ದಾಟಿದ ಕೂಡಲೇ ಮರಗಳು ಸರಿದು ಇಡೀ ಘಟ್ಟ ಎದುರಿಗೆ ನಿಂತಿತು. ಬಂಡೆಯ ಮೇಲಿಂದ ನೀರು ಬಿಳಿ ನೂಲಿನ ಹಾಗೆ ಇಳಿಯುತ್ತಿತ್ತು. ಇದಕ್ಕಾಗಿ ಬರಬಾರದು ಎಂದವರ ಮೇಲೆಲ್ಲ ನನಗೆ ಕೋಪ ಉಕ್ಕಿತು. ಮಾಜಿದಾ ಕೆಳಗಿಳಿದು ಬಾನೆಟ್ಟಿಗೆ ಒರಗಿ ನೋಡುತ್ತಲೇ ಇದ್ದಳು.

ಫೋನ್ ಮತ್ತೆ ಹೊಡೆಯಿತು. ಈ ಸಲ ತೆಗೆದಳು. ಇಷ್ಟು ತಡ ಯಾಕೆ, ಯಾರ ಮನೆಗೆ ಹೋಗಿದ್ದು ಎಂಬ ಅಬ್ಬಾಸನ ಕೂಗು ನನಗೂ ಕೇಳಿಸಿತು.

"ಯಾರ ಮನೆಗೂ ಅಲ್ಲ. ಗುಡ್ಡ ನೋಡ್ತಾ ಇದ್ದೇನೆ."

ಆ ಕಡೆಯಿಂದ ಕೀಯ ಮಾತು ಬಂತು.

"ಕೀ ಬೇಕಾ? ಕಾರಿನಲ್ಲೇ ಉಂಟು. ನೆರಿಯಕ್ಕೆ ಬಂದು ತೆಗೆದುಕೊ ಅಬ್ಬಾಸ್. ನೀನೂ ಒಮ್ಮೆ ನೋಡಿದ ಹಾಗೆ ಆಗ್ತದೆ."