ಹಾಲಿನ ನಂಟರು

ನಾನು ಮಾತು ಕಲಿತದ್ದು ಊಟದ ಎಲೆಯ ಮುಂದೆ. ಅಜ್ಜಿ ಸಾರಿನ ಸೌಟು ಎತ್ತಿ ಹಿಡಿದು, "ಉಪ್ಪಿನ ನಂಟರು ಯಾರೆಲ್ಲ, ಹೇಳಿ ಕಾಣುವ" ಎನ್ನುತ್ತಿದ್ದರು. ಉಪ್ಪಿಟ್ಟು, ಉಪ್ಪಿನಕಾಯಿ, ಉಪ್ಪುನೀರು ಎಂದು ಮಕ್ಕಳು ಕೂಗಬೇಕು. ಹೇಳಿದವರ ಎಲೆಗೆ ಮೊದಲು ಸಾರು. ಉಡುಪಿ ಕಡೆಯಿಂದ ಬಂದು ಮೈಲಾಪೂರಿನಲ್ಲಿ ಹೋಟೆಲು ನಡೆಸಿದ ಮನೆ ನಮ್ಮದು. ಬಡಿಸಲಿಕ್ಕೂ ಕಲಿಸಲಿಕ್ಕೂ ಅಜ್ಜಿಗೆ ಅದೊಂದೇ ಸೌಟು ಸಾಕಿತ್ತು.

ಈ ಆಟ ಮತ್ತೆ ನೆನಪಾದದ್ದು ಮೊನ್ನೆ, ತಮ್ಮನ ಮಗಳಿಂದ. ಅವಳು ಸ್ಪ್ಯಾನಿಷ್ ಕಲಿಯಲು ಅಡ್ಯಾರಿಗೆ ಹೋಗುತ್ತಾಳೆ. ಒಮ್ಮೆ ಫೇಲಾಗಿದ್ದಳು, ಮರುದಿನ ಮತ್ತೆ ಬಾಯಿಪರೀಕ್ಷೆ. ಈ ಸಲವೂ ಹೋದರೆ ಕ್ಲಾಸೇ ಬಿಡುವುದೆಂದು ತೀರ್ಮಾನಿಸಿ, ಊಟದ ಮೇಜಿಗೆ ತಲೆಯಾನಿಸಿ ಕೂತಿದ್ದಳು.

"ಪೆರಿಯಪ್ಪಾ, ಮಂಡೈಲ ಒಣ್ಣುಮೇ ನಿಕ್ಕಲ." ತಲೆಯಲ್ಲಿ ಏನೂ ನಿಲ್ಲುವುದಿಲ್ಲವಂತೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೇ.

"ಒಂದೊಂದೇ ಶಬ್ದ ಉರು ಹೊಡೆದ್ರೆ ಹೇಗೆ ನಿಲ್ತದೆ ಮಾರಾಯ್ತಿ? ನಂಟರನ್ನೂ ಕರಿ. ಹಾಲಿಗೆ ಎಂತ ಹೇಳ್ತಾರೆ?"

"ಲೆಚೆ."

"ಹಾಲಿನವನಿಗೆ?"

"ಲೆಚೆರೊ. ಹಾಲಿನ ಅಂಗಡಿ ಲೆಚೆರಿಯಾ." ತಲೆ ಮೇಲೆದ್ದಿತು. ಸಾರು ಬಡಿಸಿದೆ.

ಸಕ್ಕರೆಗೆ ಅಸೂಕಾರ್ ಅಂತೆ. ನಮ್ಮ ಶರ್ಕರೆಯೇ ಅರಬರ ಬಾಯಿ ಹಾದು ಅಲ್ಲಿ ಸೇರಿದ್ದಂತೆ. "ಹಾಗಾದ್ರೆ ನಮ್ಮನೆ ಹುಡುಗಿಯೇ, ಅಲ್ಲಿಗೆ ಕೊಟ್ಟದ್ದು" ಎಂದೆ. ನಕ್ಕಳು.

ಪಾಯಸದ ಹೊತ್ತಿಗೆ, ಲೆಚುಗಾ ಕೂಡ ಹಾಲಿನ ನಂಟೇ ಎಂದಳು. ಲೆಚುಗಾ ಅಂದರೆ ಲೆಟಿಸ್ ಸೊಪ್ಪು. ನಾನು ಸೌಟನ್ನು ಹಿಂದಕ್ಕೆಳೆದೆ. "ಸೊಪ್ಪಿಗೂ ಹಾಲಿಗೂ ಎಂತ ನೆಂಟಸ್ತಿಕೆ? ಸುಳ್ಳು ಹೇಳಿ ಪಾಯಸ ಹೊಡೀಬೇಡ."

ಅವಳು ಎದ್ದುಹೋಗಿ ಫ್ರಿಜ್ಜಿನಿಂದ ಲೆಟಿಸ್ ತಂದು, ಬುಡದ ದಂಟನ್ನು ಕೊಯ್ದು ನನ್ನ ಮೂಗಿನ ಕೆಳಗೆ ಹಿಡಿದಳು. "ಪಾರುಂಗ!" ಕೊಯ್ದಲ್ಲಿ ಬಿಳಿಯ ಹಾಲು ಜಿನುಗುತ್ತಿತ್ತು. ಎರಡು ಸೌಟು ಪಾಯಸ ಬಡಿಸಿದೆ.

ಮರುದಿನ ಅಡ್ಯಾರ್ ಬಸ್‌ಸ್ಟ್ಯಾಂಡಿನಿಂದ ಫೋನು. "ಪೆರಿಯಪ್ಪಾ, ಪಾಸ್!" ತರಕಾರಿ ಅಂಗಡಿಯಲ್ಲಿ ಏನೇನು ಕೊಳ್ಳುತ್ತೀ ಎಂದು ಕೇಳಿದರಂತೆ. ಮೊದಲು ನಾಲಿಗೆಗೆ ಬಂದದ್ದು ಲೆಚುಗಾ. ಉಳಿದವು ಅದರ ಬೆನ್ನಿಗೇ ಬಂದವಂತೆ. ಮುಂದಿನ ಕ್ಲಾಸಿಗೆ ಹೆಸರು ಕೊಟ್ಟೇ ಹೊರಟಿದ್ದಳು.

ರಾತ್ರಿ ಊಟಕ್ಕೆ ಸೌಟು ಅವಳ ಕೈಯಲ್ಲಿತ್ತು. "ದೊಡ್ಡಪ್ಪ," ಎಂದಳು, ತಡವರಿಸುತ್ತ, ಕನ್ನಡದಲ್ಲಿ, "ನಮ್ಮ ಹಾಲಿಗೆ ನಂಟರು ಯಾರ್‍ಯಾರು? ಹೇಳದಿದ್ರೆ ಸಾರಿಲ್ಲ."

ಹಾಲುಹಲ್ಲು, ಹಾಲುಗೆನ್ನೆ, ಹಾಲುಬಾಯಿ ಎನ್ನುತ್ತ ಎಲೆಯನ್ನು ಅವಳತ್ತ ಸರಿಸಿದೆ.