ಊರು ತಪ್ಪಿದ ಎರಡು ಕಪ್ಪೆ

ಆ ಕಪ್ಪೆಗಳ ಊರು ತಪ್ಪಿಸಿದವಳು ನಾನು. ಮಗಳ ತಪ್ಪಲ್ಲ, ಮೊಮ್ಮಗುವಿನ ತಪ್ಪಂತೂ ಅಲ್ಲವೇ ಅಲ್ಲ. ಅಳುವುದು ಮಗುವಿನ ಕೆಲಸ, ಅದು ಅತ್ತಿತು.

ನಿನ್ನೆ ಇಲ್ಲಿ ಮೈಸೂರಿನಲ್ಲಿ ಸೂಜಿ ಚುಚ್ಚಿಸಿಕೊಳ್ಳಲು ಹೋಗಿದ್ದೆ. ನರ್ಸು ತೋಳಿಗೆ ಸ್ಪಿರಿಟ್ಟು ಒರೆಸಿದಳು. ನಿಮಗೆ ಆ ವಾಸನೆಗೆ ಆಸ್ಪತ್ರೆ ನೆನಪಾದೀತು, ನನಗೆ ಅಮೆರಿಕಾದಲ್ಲಿ ಮಗಳಿದ್ದ ಊರು ಹೇವರ್ಡ್ ನೆನಪಾಗುತ್ತದೆ. ಕಣ್ಣು ಒದ್ದೆಯಾಯಿತು. “ನೋವಾಯ್ತಾ ಅಜ್ಜಿ?” ಎಂದಳು. ಹೂಂ ಎಂದೆ. ಕಪ್ಪೆಯ ಕತೆಯನ್ನು ಆ ಹುಡುಗಿಗೆ ಎಲ್ಲಿಂದ ಶುರುಮಾಡಲಿ?

ಎಂಬತ್ತರ ದಶಕದ ಮಾತು. ಮಗಳು ವಿಜಿಯ ಬಾಣಂತನಕ್ಕೆಂದು ಹೋಗಿ ಆರು ತಿಂಗಳು ಅಲ್ಲಿದ್ದೆ. ಅವಳ ಓದು ಕಪ್ಪೆಯ ಮೇಲೆ. ಜಾವಾ, ಬೋರ್ನಿಯೊ, ಫಿಲಿಪೀನ್ಸ್ ಕಡೆಯ ಮರಗಪ್ಪೆಗಳು. ನೊರೆಯ ಗೂಡು ಮಾಡಿ ಮೊಟ್ಟೆಯಿಡುತ್ತವಂತೆ, ಸೀಗೆಕಾಯಿ ಕಲಸಿದ ಹಾಗೆ. ಕೆಲವಕ್ಕೆ ಬೆನ್ನಿನ ಮೇಲೆ ನಾಲ್ಕು ಪಟ್ಟೆ, ಕೆಲವು ಬೋಳು. ಎಲ್ಲ ಒಂದೇ ಜಾತಿಯೋ, ಬೇರೆಬೇರೆಯೋ, ಯಾವುದು ಎಲ್ಲೆಲ್ಲಿದೆ ಎಂದು ವಿಂಗಡಿಸಬೇಕು.

“ಒಂದೇ ಹೊಟ್ಟೇಲಿ ನೀನು ಕಪ್ಪಗೆ, ನಿಮ್ಮಣ್ಣ ಕೆಂಪಗೆ ಹುಟ್ಲಿಲ್ವೇನೆ? ಇದಕ್ಕೆ ಅಮೆರಿಕಾ ಬೇಕಿತ್ತಾ?” ಎಂದಿದ್ದೆ.

“ಅಮ್ಮ, ಅದನ್ನ ಪ್ರೂವ್ ಮಾಡಕ್ಕೆ ನಂಗೆ ನಾಲ್ಕು ವರ್ಷ ಬೇಕು!” ಎಂದು ನಕ್ಕಳು.

ಅಳಿಯನಿಗೆ ಶನಿವಾರವೂ ಸಾಂಟಾ ಕ್ಲಾರಾದಲ್ಲಿ ಕೆಲಸ. ಹಾಗಾಗಿ ವಿಜಿ ಮಗುವನ್ನೂ ನನ್ನನ್ನೂ ಕಾರಿಗೆ ಹಾಕಿಕೊಂಡು ಲ್ಯಾಬಿಗೆ ಹೋಗುತ್ತಿದ್ದಳು. ಸ್ಪಿರಿಟ್ಟು ತುಂಬಿದ ಶೀಶೆಗಳಲ್ಲಿ ಕಪ್ಪೆಗಳು, ಪ್ರತಿಯೊಂದರ ಕಾಲಿಗೂ ಅದನ್ನು ಹಿಡಿದ ಊರಿನ ಹೆಸರು ಬರೆದ ಚೀಟಿ. ಹಳೆಯ ದಾರಗಳು ಲಡ್ಡಾಗಿದ್ದವು, ಬಿಚ್ಚಿ ಹೊಸ ದಾರದಲ್ಲಿ ಕಟ್ಟಬೇಕಿತ್ತು. ಅಪಾರ್ಟ್‌ಮೆಂಟಿನ ಬೇಲಿಯ ಮಲ್ಲಿಗೆಯಂಥ ಹೂವನ್ನು ನಾನು ಕಟ್ಟುವುದನ್ನು ನೋಡಿದ್ದ ವಿಜಿ, “ಈ ಗಂಟು ಜಾರಲ್ವಾ ಅಮ್ಮ?” ಎಂದು ಕೇಳಿದಳು. ಜಡೆಯಿಂದಲೇ ಜಾರದ್ದು ಕಪ್ಪೆ ಕಾಲಿಂದ ಜಾರುತ್ತದೆಯೇ? ಕೆಲಸ ನನಗೇ ಬಂತು. ಮೊದಲ ವಾರ ಮನೆಗೆ ಬಂದು ತಲೆಗೆ ಸ್ನಾನ ಮಾಡಿದೆ. ಮೂರನೆಯ ವಾರಕ್ಕೆ ಕೈ ತೊಳೆದರೆ ಸಾಕೆನ್ನಿಸಿತು.

ನಿಜ ಹೇಳುತ್ತೇನೆ, ಕಪ್ಪೆಯ ಮೇಲಿನ ಪ್ರೀತಿಗೆ ನಾನು ಹೋಗುತ್ತಿರಲಿಲ್ಲ. ಮನೆಯಲ್ಲಿ ವಿಜಿ ನನ್ನ ಜೊತೆ ಆಡುತ್ತಿದ್ದ ಮಾತು ಹಾಲು, ಡಯಾಪರು ಅಷ್ಟೇ. ಆ ಮೇಜಿನ ಎದುರು ಕೂತರೆ ಮಾತ್ರ ಸಣ್ಣವಳ ಹಾಗೆ ಹರಟುತ್ತಿದ್ದಳು. ವಾರವಿಡೀ ನಾನು ಶನಿವಾರಕ್ಕೆ ಕಾಯುತ್ತಿದ್ದೆ.

ಅವಳದ್ದು ಒಂದೇ ನಿಯಮ: “ಒಂದೊಂದೇ, ಅಮ್ಮ. ಒಂದಕ್ಕೆ ಕಟ್ಟಿ ಮುಗಿಸದೆ ಇನ್ನೊಂದನ್ನ ಬಿಚ್ಚಬೇಡ.” ಆದರೆ ಹೂ ಕಟ್ಟುವವಳು ಮೊದಲು ಮೊಗ್ಗೆಲ್ಲ ಜೋಡಿಸಿಟ್ಟುಕೊಂಡು ಆಮೇಲೆ ದಾರ ಹಿಡಿಯುತ್ತಾಳೆ. ಒಂದು ಶನಿವಾರ ನಾನು ಎರಡು ಶೀಶೆಗಳಿಂದ ಒಂದೊಂದು ಕಪ್ಪೆ ತೆಗೆದು, ಎರಡರ ಚೀಟಿಯನ್ನೂ ಬಿಚ್ಚಿ ಬಟ್ಟೆಯ ಮೇಲಿಟ್ಟೆ. ಮಗು ಅತ್ತಿತು, ಎದ್ದು ಹೋದೆ. ಬಂದು ನೋಡಿದರೆ ಯಾವ ಚೀಟಿ ಯಾವುದರದೋ ತಿಳಿಯಲಿಲ್ಲ. ಇಂಗ್ಲಿಷು ಓದಲು ಬಾರದು, ನನ್ನ ಓದು ಮೂರನೇ ಕ್ಲಾಸಿಗೆ ಮುಗಿದಿತ್ತು. ವಿಜಿಯನ್ನು ಕೇಳಬಹುದಿತ್ತು. ಬೈಸಿಕೊಳ್ಳುವುದು ಬೇಡವೆಂದು ಅಂದಾಜಿನಲ್ಲಿ ಕಟ್ಟಿದೆ, ಗಟ್ಟಿಯಾಗಿ.

ಮೂರು ವಾರದ ಮೇಲೆ ವಿಜಿ ಕೂಗಿಕೊಂಡಳು. ಅವುಗಳಲ್ಲಿ ಒಂದಕ್ಕೆ ಕಿವಿಯ ಹಿಂದೆ ಗರಗಸದಂಥ ಮೂಳೆ. ಅದು ಬೋರ್ನಿಯೊ ಕಡೆಯ ಕಪ್ಪೆ, ಚೀಟಿ ಮಾತ್ರ ಫಿಲಿಪೀನ್ಸಿನದು. “ಅಲ್ಲಿ ಇದನ್ನ ಯಾರೂ ನೋಡಿಲ್ಲಮ್ಮ! ಸೋಮವಾರ ಪ್ರೊಫೆಸರ್‌ಗೆ ತೋರಿಸ್ತೀನಿ!” ಗೋಡೆಯ ಮ್ಯಾಪಿಗೆ ಕೆಂಪು ಗುಂಡುಪಿನ್ನು ಚುಚ್ಚಿ ನನ್ನ ಕೆನ್ನೆಗೆ ಮುತ್ತು ಕೊಟ್ಟಳು. ಮದುವೆಯಾದ ಮೇಲೆ ಅವಳು ಕೊಟ್ಟದ್ದು ಅದೊಂದೇ.

ಬಾಯಿ ಮುಚ್ಚಿಕೊಂಡಿದ್ದರೆ ಶನಿವಾರಗಳು ಉಳಿಯುತ್ತಿದ್ದವು. ಫ್ರೀವೇಯಲ್ಲಿ ಅವಳು ಹಾಡಿಕೊಂಡು ಕಾರು ಓಡಿಸುತ್ತಿದ್ದಾಗ ಹೇಳಿಬಿಟ್ಟೆ. ಹಾಡು ನಿಂತಿತು. ಮನೆ ತಲುಪಿದ ಮೇಲೆ ಇಷ್ಟೇ ಅಂದಳು: “ಅದಲುಬದಲು ಆಗಿರಬಹುದು. ಆದ್ರೆ ‘ಬಹುದು’ ಅನ್ನೋದನ್ನ ಮ್ಯಾಪಿಗೆ ಹಾಕಕ್ಕಾಗಲ್ಲಮ್ಮ.” ಎರಡಕ್ಕೂ ಊರು ತಿಳಿಯದು ಎಂದು ಬರೆದು ಬೇರೆ ಕಪಾಟಿಗೆ ಸೇರಿಸಿದಳಂತೆ. ಮುಂದಿನ ಶನಿವಾರ ನನ್ನನ್ನು ಕರೆಯಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಆಮೇಲೆ ನಾನು ಊರಿಗೆ ಬಂದೆ. ಇಷ್ಟು ವರ್ಷವೂ ಫೋನಿನಲ್ಲಿ ಮಾತ್ರೆ, ಮಂಡಿನೋವು ಬಿಟ್ಟು ಬೇರೆ ಮಾತಿಲ್ಲ.

ಇವತ್ತು ಬೆಳಗ್ಗೆ ಕಾಫಿಗೂ ಮೊದಲು ಫೋನು ಮಾಡಿದೆ. ಅಲ್ಲಿ ಸಂಜೆ.

“ಯಾಕಮ್ಮ, ಹುಷಾರಿಲ್ವಾ?”

“ಚೆನ್ನಾಗಿದೀನಿ. ಆ ಕಪ್ಪೆ ಆದ್ಮೇಲೆ ನನ್ನನ್ನ ಲ್ಯಾಬಿಗೆ ಯಾಕೆ ಕರೀಲಿಲ್ಲ?”

“ಕಾರಿಂದ ಇಳೀತಾ ನೀನೇ ಅಂದ್ಯಲ್ಲಮ್ಮ, ಇನ್ನು ನಿನ್ನ ಕಪ್ಪೆ ಮುಟ್ಟಲ್ಲ ಅಂತ. ಎರಡು ಶನಿವಾರಾನೂ ನಿಂಗೂ ಸೇರಿಸಿ ಚಿತ್ರಾನ್ನ ಕಟ್ಟಿದ್ದೆ. ನೀನು ಸೋಫಾ ಬಿಟ್ಟು ಏಳ್ಲೇ ಇಲ್ಲ.”

ಅಂದಿರಬೇಕು. ನನ್ನ ಬಾಯಿ ನನಗೆ ಗೊತ್ತು.

“ಡಿಸೆಂಬರಲ್ಲಿ ಬರ್ತೀನಿ. ಆ ಗಂಟು ಹೇಳಿಕೊಡ್ತೀಯಾ?” ಎಂದಳು.

ಫೋನಿಟ್ಟು, ಹೂವಿನವಳನ್ನು ಕೂಗಿ, ಕೈ ಪಳಗಲೆಂದು ಒಂದು ಬೊಗಸೆ ಬಿಡಿ ಮೊಗ್ಗು ತೆಗೆದುಕೊಂಡೆ. ಜೋಡಿಸಿಕೊಳ್ಳಲಿಲ್ಲ. ಒಂದೊಂದೇ ಎತ್ತಿ ಕಟ್ಟಿದೆ.