ನಿಲ್ಲಬಾರದ ನೀರು

ಮಲಗುವ ಮುಂಚೆ ಅಲ್ವಿನಾ ವೈಗಲ್ ಅಡುಗೆಕಟ್ಟೆಯ ನಲ್ಲಿಯನ್ನು ಒಂಚೂರು ಎತ್ತಿ, ದಾರದೆಳೆಯಷ್ಟು ನೀರು ಬಿಡುತ್ತಿದ್ದಳು. ಅವಳು ಬೆನ್ನು ತಿರುಗಿಸುವುದೇ ತಡ, ಗಂಡ ಡೆಲ್ಬರ್ಟ್ ಎದ್ದು ಬಂದು ಅದನ್ನು ನಿಲ್ಲಿಸುತ್ತಿದ್ದ.

“ಡೆಲ್, ನಲ್ಲಿ ಮುಟ್ಬೇಡ ಅಂದ್ನಲ್ಲ!”

“ನೀರು ಸುಮ್ನೆ ಹೋಗ್ತಿದೆ ಕಣೇ.”

“ಹೋಗ್ಲಿ ಅಂತಾನೇ ಬಿಟ್ಟಿರೋದು. ನಿಂತ್ರೆ ಪೈಪೊಳಗೆ ಮಂಜುಗಡ್ಡೆ ಆಗುತ್ತೆ.”

“ಯಾರಪ್ಪನ ಮನೆ ಗಂಟು ಅಂತ ಹಿಂಗೆ ಸುರೀತೀಯ?”

“ನಿಮ್ಮಪ್ಪಂದೇ. ಹೋಗಿ ಮಲಕ್ಕೋ.”

ಅವನು ನಕ್ಕು ಹೋಗಿ ಮಲಗುತ್ತಿದ್ದ. ಹಾಗೆಂದು ನಂಬಿ ಕೂರುವಂತಿರಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಹೆಜ್ಜೆಯ ಸಪ್ಪಳ, ಮತ್ತೆ ಅದೇ ಮಾತು. ಡೆಲ್ಬರ್ಟ್ ಹುಟ್ಟಿದ ಹೊಲಮನೆಯ ಬಾವಿಯಲ್ಲಿ ಬರುತ್ತಿದ್ದುದು ಬಾಯಿಗಿಡಲಾಗದ ಸವಳು ನೀರು. ಕುಡಿಯುವ ನೀರನ್ನು ಊರಿನಿಂದ ಹಾಲಿನ ಕ್ಯಾನುಗಳಲ್ಲಿ ತುಂಬಿ ತರಬೇಕಿತ್ತು. ಒಂದು ಲೋಟ ಚೆಲ್ಲಿದರೂ ತಾಯಿ ಕಿವಿ ಹಿಂಡುತ್ತಿದ್ದಳು. ಈಗ ತಾಯಿಯ ಹೆಸರೇ ಅವನ ತಲೆಯಿಂದ ಜಾರಿಹೋಗಿತ್ತು. ಕಿವಿ ಹಿಂಡಿದ್ದು ಮಾತ್ರ ಉಳಿದಿತ್ತು.

ಆ ವರ್ಷದ ತನಕ ಚಳಿಗಾಲವೆಂದರೆ ಅವರಿಬ್ಬರಿಗೂ ಅರಿಜೋನಾ. ಅಕ್ಟೋಬರ್ ಬಂತೆಂದರೆ ಗಾಲಿಯ ಮೇಲಿನ ಮನೆಯಾದ ಟ್ರೈಲರನ್ನು ಪಿಕಪ್ ಟ್ರಕ್ಕಿಗೆ ಕಟ್ಟಿಕೊಂಡು ದಕ್ಷಿಣಕ್ಕೆ ಹೊರಟುಬಿಡುವುದು, ಏಪ್ರಿಲ್‌ನಲ್ಲಿ ಬಿಸಿಲಿಗೆ ಮೈ ಕಂದಿಸಿಕೊಂಡು ವಾಪಸ್ಸು ಬರುವುದು. ಹಿಂದಿನ ವರ್ಷ ಅಲ್ಲಿ ಡೆಲ್ಬರ್ಟ್ ಬೆಳಗಿನ ವಾಕಿಂಗಿಗೆಂದು ಹೋದವನು ಮರುಭೂಮಿಯಲ್ಲಿ ದಾರಿ ತಪ್ಪಿದ. ಪೊಲೀಸರು ಹುಡುಕಿ ತಂದರು. ಅಂದಿಗೆ ಅರಿಜೋನಾ ಮುಗಿಯಿತು. ಡಾಕ್ಟರು ಉತ್ತರದ ಬಿಸ್ಮಾರ್ಕ್ ಊರಿನಲ್ಲಿ, ಮಗಳು ಟ್ವೈಲಾ ಬಿಸ್ಮಾರ್ಕಿನಲ್ಲಿ. ಹಾಗಾಗಿ ಮಿಸೌರಿ ಹೊಳೆಯ ದಂಡೆಯ ಕ್ಯಾಂಪಿನಲ್ಲಿ ಟ್ರೈಲರ್ ನಿಲ್ಲಿಸಿದರು. ಉಗುಳಿದ್ದು ನೆಲಕ್ಕೆ ಬೀಳುವ ಮೊದಲೇ ಗಟ್ಟಿಯಾಗುತ್ತದೆ ಎಂದು ಜನ ತಮಾಷೆ ಮಾಡುವ ಊರಿನಲ್ಲಿ, ತಗಡಿನ ಗೋಡೆಯೊಳಗೆ ಚಳಿಗಾಲ ಕಳೆಯುವುದು ಹುಚ್ಚಾಟವೇ ಸರಿ.

ಟ್ವೈಲಾ ಅದನ್ನೇ ಹೇಳಿದಳು. ಅವಳದು ಮೂರನೇ ಮಹಡಿಯ ಸಣ್ಣ ಮನೆ. ಅಲ್ಲಿ ಒಂದು ವಾರ ಇಟ್ಟುಕೊಂಡು ನೋಡಿದ್ದಳು. ಅಪ್ಪ ಬಚ್ಚಲು ಎಲ್ಲಿದೆ ಎಂದು ತಿಳಿಯದೆ ಬಟ್ಟೆಯ ಕಪಾಟಿನೊಳಗೆ ನಿಂತು ಅತ್ತಿದ್ದ. ಟ್ರೈಲರಿನಲ್ಲಿ ಹಾಗಿಲ್ಲ. ಕಣ್ಣು ಮುಚ್ಚಿಕೊಂಡೇ ಓಡಾಡುತ್ತಾನೆ. ಅವನು ಯಾರನ್ನೂ ಕೇಳದೆ ಗಂಡಸಿನ ಹಾಗೆ ಬಾಳಬಲ್ಲ ಜಾಗ ಈ ಲೋಕದಲ್ಲಿ ಅದೊಂದೇ ಉಳಿದಿತ್ತು.

“ಇರಿ, ಬೇಡ ಅನ್ನಲ್ಲ,” ಎಂದಿದ್ದಳು ಟ್ವೈಲಾ. “ಆದ್ರೆ ಒಂದ್ಸಲ, ಒಂದೇ ಒಂದ್ಸಲ ಪೈಪಲ್ಲಿ ನೀರು ಕಟ್ಕೊಂಡ್ರೆ ಮುಗೀತು ಅಮ್ಮ. ಅಪ್ಪ ಆರೈಕೆ ಮನೆಗೆ. ಅಲ್ಲೊಂದು ಹಾಸಿಗೆ ಕಾದಿರಿಸಿದೀನಿ. ನೀರಿಲ್ದೆ ಅವನನ್ನ ಹೆಂಗೆ ನೋಡ್ಕೊಳ್ತೀಯ ನೀನು? ತೊಳಿಯೋದಿರುತ್ತೆ, ಬಟ್ಟೆ ಇರುತ್ತೆ...”

“ಕಟ್ಕೊಳ್ಳಲ್ಲ,” ಎಂದಳು ಅಲ್ವಿನಾ. ಮಗಳ ಕೈಗೆ ಕೈ ಕೊಟ್ಟು ಒಪ್ಪಿದಳು.

ಒಪ್ಪಿದ ಮೇಲೆ ಅವಳು ಸುಮ್ಮನೆ ಕೂರುವ ಹೆಂಗಸಲ್ಲ. ಶಾಲೆಯ ಅಡುಗೆಮನೆಯಲ್ಲಿ ವರ್ಷಾನುಗಟ್ಟಲೆ ಮುನ್ನೂರು ಮಕ್ಕಳಿಗೆ ಬೇಯಿಸಿ ಹಾಕಿದವಳು. ಪಕ್ಕದ ಟ್ರೈಲರಿನ ವೆಂಡೆಲನನ್ನು ಹಿಡಿದು ಕೆಲಸಕ್ಕೆ ಹಚ್ಚಿದಳು. ಅವನು ಕೊಳವೆ ಮಾರ್ಗದ ಕಂಪನಿಯಲ್ಲಿ ವೆಲ್ಡಿಂಗ್ ಮಾಡುವ ಒಂಟಿಗ. ಇಬ್ಬರೂ ಸೇರಿ ಟ್ರೈಲರಿನ ಸುತ್ತ ನೆಲಮಟ್ಟದವರೆಗೆ ಫೋಮಿನ ಹಲಗೆ ನಿಲ್ಲಿಸಿ, ಅಡಿಗೆ ಗಾಳಿ ನುಗ್ಗದಂತೆ ಮಣ್ಣು ಒತ್ತಿದರು. ಕ್ಯಾಂಪಿನವರು ಇದಕ್ಕೆ ಲಂಗ ಉಡಿಸುವುದು ಎನ್ನುತ್ತಾರೆ.

“ನನ್ನ ಟ್ರೈಲರಿಗೆ ಹೋದ್ವರ್ಷದ ಹಳೇ ಲಂಗ. ನಿಮ್ದಕ್ಕೆ ಮದುವೆ ಲಂಗ,” ಎಂದ ವೆಂಡೆಲ್.

“ನಿಂಗೂ ಒಂದು ಮದುವೆ ಆದ್ರೆ ಅದಕ್ಕೂ ಬರುತ್ತೆ. ಮಾತು ಸಾಕು, ಟೇಪು ಹಿಡಿ.”

ಕ್ಯಾಂಪಿನ ನಲ್ಲಿಯಿಂದ ಟ್ರೈಲರಿಗೆ ಬರುವ ಕೊಳವೆಗೆ ಕರೆಂಟಿನ ಬಿಸಿಪಟ್ಟಿ ಸುತ್ತಿ, ಅದರ ಮೇಲೆ ಸ್ಪಂಜಿನ ತೋಳು ತೊಡಿಸಿದರು. ಬಳಸಿದ ಬಚ್ಚಲ ನೀರು ಸೇರುವ ತೊಟ್ಟಿಯ ಬಾಯಿ ಸದಾ ಮುಚ್ಚಿರಬೇಕು, ತುಂಬಿದಾಗ ಒಂದೇ ಸಲಕ್ಕೆ ಬಿಡಬೇಕು. ತೆರೆದಿಟ್ಟರೆ ತೊಟ್ಟಿಕ್ಕುವ ನೀರೇ ಪದರ ಪದರವಾಗಿ ಗಟ್ಟಿಯಾಗಿ ಹೊರಗಿನ ಕೊಳವೆಯನ್ನು ಕಟ್ಟುತ್ತದೆ. ಇದನ್ನೆಲ್ಲ ಅಲ್ವಿನಾ ಕೇಳಿ ಕೇಳಿ ಕಲಿತಳು. ಅವಳಿಗಿದ್ದ ಹೆದರಿಕೆ ಒಂದೇ, ಡೆಲ್ಬರ್ಟನ ಕೈ ಮತ್ತು ಆ ನಲ್ಲಿ.

ಇನ್ನೊಂದು ತೊಂದರೆ ಬಂದದ್ದು ಡಿಸೆಂಬರಿನಲ್ಲಿ. ಟ್ರೈಲರಿನ ಗ್ಯಾಸ್ ಹೀಟರ್ ಹತ್ತಿಕೊಂಡಾಗ ಗುರ್ ಎಂದು ಸದ್ದು ಮಾಡುತ್ತಿತ್ತು. ಡೆಲ್ಬರ್ಟನಿಗೆ ಅದು ಹೊರಗೆ ಯಾರೋ ಟ್ರ್ಯಾಕ್ಟರ್ ಆಫ್ ಮಾಡದೆ ಬಿಟ್ಟಂತೆ ಕೇಳುತ್ತಿತ್ತು. “ಡೀಸೆಲ್ ದಂಡ,” ಎಂದು ಬೈದುಕೊಂಡು, ಬರಿಗಾಲಿಗೆ ಚಪ್ಪಲಿ ಮೆಟ್ಟಿ ಬಾಗಿಲು ತೆಗೆದು ಹೊರಟೇಬಿಡುತ್ತಿದ್ದ. ಅಂಥ ಚಳಿಯಲ್ಲಿ ಪೈಜಾಮದಲ್ಲಿ ಹೊರಗೆ ಹೋದವನು ಬದುಕಿ ಬರುವುದುಂಟೆ? ಎರಡು ಸಲ ಹಿಡಿದು ತಂದ ಮೇಲೆ ಅಲ್ವಿನಾ ಅಂಗಡಿಗೆ ಹೋಗಿ ಸದ್ದಿಲ್ಲದ ಕರೆಂಟಿನ ಹೀಟರ್ ತಂದಿಟ್ಟಳು. ಒಳಗೆ ಹದವಾಗಿ ಬೆಚ್ಚಗಾಯಿತು, ಗ್ಯಾಸ್ ಹೀಟರಿಗೆ ಹತ್ತಿಕೊಳ್ಳುವ ಪ್ರಮೇಯವೇ ಬರಲಿಲ್ಲ. ಡೆಲ್ಬರ್ಟ್ ಮಗುವಿನ ಹಾಗೆ ನಿದ್ದೆ ಮಾಡಿದ. ಎಷ್ಟು ಸುಲಭವಿತ್ತು ಎಂದು ಅವಳು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಳು. ಮಗಳಿಗೆ ಮಾತ್ರ ಈ ಸುದ್ದಿಯನ್ನು ಹೇಳಲಿಲ್ಲ. ಅಪ್ಪ ಹೊರಗೆ ಹೋಗುತ್ತಾನೆ ಎಂದು ಗೊತ್ತಾದರೆ ಅವಳು ನೀರು ಕಟ್ಟಿಕೊಳ್ಳುವವರೆಗೂ ಕಾಯುತ್ತಿರಲಿಲ್ಲ.

ಜನವರಿಯ ಒಂದು ಭಾನುವಾರ ಬೆಳಿಗ್ಗೆ, ವಾರದಿಂದ ಬೀಸುತ್ತಿದ್ದ ಬಡಗಣ ಗಾಳಿ ನಿಂತು, ಅದಕ್ಕಿಂತ ಕೆಟ್ಟ ಚಳಿ ಕವಿದಿತ್ತು. ಅಲ್ವಿನಾ ಎದ್ದು ಬಂದಾಗ ಅಡುಗೆಕಟ್ಟೆಯಲ್ಲಿ ನೀರಿನ ಸದ್ದಿಲ್ಲ. ನಲ್ಲಿಯ ಮುಂದೆ ಡೆಲ್ಬರ್ಟ್ ನಿಂತಿದ್ದ.



“ನಿಲ್ಲಿಸಿದ್ಯಾ? ಮತ್ತೆ ನಿಲ್ಲಿಸಿದ್ಯಾ ಡೆಲ್?”

“ನೀರು ಬರ್ತಿಲ್ಲ,” ಎಂದ ಅವನು.

“ಹೆಂಗೆ ಬರುತ್ತೆ? ನೀನು ನಿಲ್ಲಿಸ್ಬಿಟ್ಟೆ! ಬಾಯಿ ಬಡ್ಕೊಂಡೆ ನಿಂಗೆ, ದಿನಾ ಬಾಯಿ ಬಡ್ಕೊಂಡೆ! ಹೋಯ್ತು ನೋಡು ಈಗ. ನಿನ್ನ ಮನೇನ ನೀನೇ ಕೈಯಾರೆ ಹಾಳು ಮಾಡ್ಕೊಂಡೆ. ಎತ್ಕೊಂಡು ಹೋಗ್ತಾರೆ ನಿನ್ನ, ಗೊತ್ತಾಯ್ತಾ? ಕೋಟು ಹಾಕ್ಕೋ, ಹೊರಡು!”

ಅಂಥ ಮಾತು ಅವಳು ಮದುವೆಯಾದಂದಿನಿಂದ ಆಡಿರಲಿಲ್ಲ. ಡೆಲ್ಬರ್ಟ್ ತನ್ನ ಕೈಗಳನ್ನು ನೋಡಿಕೊಂಡ. “ತಪ್ಪಾಯ್ತು,” ಎಂದ. ಆಮೇಲೆ ಗೂಟದಿಂದ ಕೋಟು ತೆಗೆದು ತೊಟ್ಟು, ಕತ್ತಿನವರೆಗೂ ಗುಂಡಿ ಹಾಕಿಕೊಂಡು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತ.

ಅಲ್ವಿನಾ ಓಡಿಹೋಗಿ ವೆಂಡೆಲನ ಬಾಗಿಲು ಬಡಿದಳು. ಟ್ವೈಲಾ ಪ್ರತಿ ಭಾನುವಾರ ಇಗರ್ಜಿ ಮುಗಿಸಿ ಊಟಕ್ಕೆ ಬರುತ್ತಿದ್ದಳು. ಅಷ್ಟರೊಳಗೆ ಏನಾದರೂ ಆಗಲೇಬೇಕಿತ್ತು. ವೆಂಡೆಲ್ ಹೊರಗಿನ ಕೊಳವೆಯನ್ನು ಟ್ರೈಲರಿನ ಬಳಿ ಬಿಚ್ಚಿದ. ನೀರು ರಭಸದಿಂದ ಚಿಮ್ಮಿತು.

“ಇಲ್ಲೀತನಕ ಚೆನ್ನಾಗಿದೆ. ಕಟ್ಕೊಂಡಿರೋದು ಒಳಗೆ, ನೆಲದಡೀಲಿ.” ಅವನು ಕೊಳವೆಯನ್ನು ಮತ್ತೆ ಜೋಡಿಸಿ, ಹಲಗೆ ಸರಿಸಿ ಅಡಿಗೆ ತೂರಿ, ಟ್ರೈಲರಿನ ಹೊಟ್ಟೆಗೆ ಅಂಗೈ ಒತ್ತಿ ನೋಡಿದ. “ಇದೇನು ಅಲ್ವಿನಾ, ಹಿಂಗೆ ತಣ್ಣಗಿದೆ? ಗ್ಯಾಸ್ ಹೀಟರ್ ಹಾಕ್ತಿಲ್ವಾ ನೀವು?”

“ಕರೆಂಟಿಂದು ಇಟ್ಟಿದೀನಿ. ಒಳಗೆ ಬೆಚ್ಚಗೇ ಇದೆಯಲ್ಲ.”

“ಅಯ್ಯೋ, ಒಳಗೆ ನಿಮಗೆ ಬೆಚ್ಚಗಿದೆ! ಪೈಪಿಗೆ? ಗ್ಯಾಸ್ ಹೀಟರಿನ ಗಾಳಿ ಈ ಹೊಟ್ಟೆಯೊಳಗಿಂದಾನೇ ಹಾದು ಹೋಗೋದು. ಪೈಪು ಬದುಕೋದೇ ಅದರಿಂದ. ಅದು ಉರೀದಿದ್ರೆ ಇಲ್ಲಿಗೆ ಬಿಸಿ ಎಲ್ಲಿಂದ ಬರಬೇಕು?”

“ಅವನು ನಲ್ಲಿ ನಿಲ್ಲಿಸಿದ್ದಕ್ಕಲ್ವಾ ಆಗಿದ್ದು?”

“ಈ ಚಳಿಗೆ ದಾರದಷ್ಟು ನೀರು ಯಾವ ಲೆಕ್ಕ? ಮಿಸೌರಿ ಹೊಳೇನೇ ಹೆಪ್ಪುಗಟ್ಟಿ ಮಲಗಿದೆ ನೋಡಿ ಅಲ್ಲಿ.”

ಅಲ್ವಿನಾ ಒಳಗೆ ಬಂದು ಕರೆಂಟಿನ ಹೀಟರ್ ಆರಿಸಿ, ಗ್ಯಾಸ್ ಹೀಟರಿನ ಮುಳ್ಳನ್ನು ಪೂರ್ತಿ ಏರಿಸಿದಳು. ಗುರ್ ಎಂದು ಸದ್ದೆದ್ದಿತು. ಡೆಲ್ಬರ್ಟ್ ಟ್ರ್ಯಾಕ್ಟರ್ ಆರಿಸಲು ಏಳಲಿಲ್ಲ. ಕೋಟಿನೊಳಗೆ ಕುಗ್ಗಿ ಕೂತೇ ಇದ್ದ. ವೆಂಡೆಲ್ ಅಡಿಯಲ್ಲಿ ಅಂಗಾತ ಮಲಗಿ, ಅವಳ ಕೂದಲು ಒಣಗಿಸುವ ಯಂತ್ರದಿಂದ ಕೀಲು ಕೀಲಿಗೂ ಬಿಸಿಗಾಳಿ ಹಿಡಿಯುತ್ತಿದ್ದ.

ಅವಳು ಕೆಲಸವಿಲ್ಲದೆ ನಿಲ್ಲಲಾರದೆ ಈರುಳ್ಳಿ ಹೆಚ್ಚುತ್ತಿದ್ದಾಗ ನಲ್ಲಿ ಒಮ್ಮೆ ಕೆಮ್ಮಿತು. ಫಟ್ಟನೆ ಗಾಳಿ ಉಗುಳಿ, ಆಮೇಲೆ ನೀರು ಬಂತು. ದಾರದೆಳೆಯಷ್ಟು.

ಯಾರೂ ನಲ್ಲಿಯನ್ನು ಮುಟ್ಟಿರಲಿಲ್ಲ. ಬೆಳಗಿನಿಂದ ಅವಳೂ ಮುಟ್ಟಿರಲಿಲ್ಲ, ಕಣ್ಣೆತ್ತಿ ನೋಡಿಯೂ ಇರಲಿಲ್ಲ. ಅದರ ಹಿಡಿ ರಾತ್ರಿ ಅವಳು ಮಲಗುವಾಗ ಎಷ್ಟು ಎತ್ತಿಟ್ಟಿದ್ದಳೋ ಅಷ್ಟೇ ಎತ್ತಿಕೊಂಡಿತ್ತು. ಇಡೀ ಚಳಿಗಾಲದಲ್ಲಿ ಆ ಒಂದು ರಾತ್ರಿ ಡೆಲ್ಬರ್ಟ್ ಅವಳ ಮಾತನ್ನು ನೆನಪಿಟ್ಟುಕೊಂಡಿದ್ದ.

ಅಲ್ವಿನಾ ಚಾಕು ಕೆಳಗಿಟ್ಟಳು. ಈರುಳ್ಳಿಯ ನೆಪ ಸಿಕ್ಕಿತ್ತು, ಚೆನ್ನಾಗಿ ಅತ್ತಳು.

ಟ್ವೈಲಾ ಬಂದಾಗ ವೆಂಡೆಲ್ ಹಲಗೆ ಮುಚ್ಚಿ ಹೋಗಿ ಆಗಿತ್ತು. ಒಲೆಯ ಮೇಲೆ ಆಲೂಗಡ್ಡೆ, ಹಿಟ್ಟಿನ ಉಂಡೆಗಳ ಕ್ನೆಫ್ಲಾ ಸೂಪು ಕುದಿಯುತ್ತಿತ್ತು, ನಲ್ಲಿ ಹರಿಯುತ್ತಿತ್ತು. ಮಗಳಿಗೆ ತಿಳಿಯುವಂಥದ್ದು ಏನೂ ಉಳಿದಿರಲಿಲ್ಲ. ಅಲ್ವಿನಾ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಟ್ವೈಲಾ ಬೂಟಿನ ಹಿಮ ಕೊಡವಿ ತಲೆ ಎತ್ತುವುದರೊಳಗೆ ಡೆಲ್ಬರ್ಟ್ ಬೆಂಚಿನಿಂದ ಎದ್ದು ನಿಂತ.

“ನಾನು ನೀರು ನಿಲ್ಲಿಸ್ಬಿಟ್ಟೆ ಮಗಾ. ಮನೆ ಹಾಳಾಯ್ತು. ಅವಳದ್ದೇನೂ ತಪ್ಪಿಲ್ಲ.” ಅವನು ಗುಂಡಿಗಳನ್ನು ತಡವಿ ನೋಡಿಕೊಂಡ. “ಕೋಟು ಹಾಕ್ಕೊಂಡಿದೀನಿ. ಎಲ್ಲಿಗೆ ಹೋಗ್ಬೇಕು ಹೇಳು.”

ತಿಂಡಿ ತಿಂದದ್ದನ್ನು ಮರೆಯುವ ಮನುಷ್ಯ, ಮಗಳ ಹೆಸರಿಗೆ ತಡಕಾಡುವ ಮನುಷ್ಯ, ಮಾಡದ ತಪ್ಪೊಂದನ್ನು ಮಾತ್ರ ಬೆಳಗಿನಿಂದ ಬಿಡದೆ ಹಿಡಿದುಕೊಂಡು ಕೂತಿದ್ದ.

“ಸುಳ್ಳು,” ಎಂದಳು ಅಲ್ವಿನಾ. “ನೀರು ಕಟ್ಕೊಂಡಿದ್ದು ನಿಜ ಟ್ವೈಲಾ. ಮಾಡಿದ್ದು ನಾನು.” ಒಂದನ್ನೂ ಬಿಡದೆ ಹೇಳಿದಳು. ಗ್ಯಾಸ್ ಹೀಟರಿನ ಸದ್ದು, ಪೈಜಾಮದಲ್ಲಿ ಹೊರಗೆ ಹೋಗಿದ್ದು, ಮುಚ್ಚಿಟ್ಟಿದ್ದು, ಬೈದದ್ದು. ಕೊನೆಗೆ, “ಕೋಟು ಹಾಕ್ಕೋ ಅಂದಿದ್ದೂ ನಾನೇ,” ಎಂದಳು.

“ಅವಳನ್ನ ಬೈಬೇಡ,” ಎಂದ ಡೆಲ್ಬರ್ಟ್ ಮಗಳಿಗೆ. “ನಾನೇ ನಿಲ್ಲಿಸಿದ್ದು.”

ಟ್ವೈಲಾ ಅಪ್ಪನ ಬಳಿ ಹೋಗಿ ಗುಂಡಿ ಬಿಚ್ಚಲು ಕೈ ಹಾಕಿದಳು. ಅವನು ಬಿಡಲಿಲ್ಲ.

“ಈ ಚಳಿ ಇಳಿಯೋವರ್ಗೂ ನಾನು ಇಲ್ಲೇ ಮಲಗ್ತೀನಿ,” ಎಂದಳು ಕೊನೆಗೆ. “ಬಾಗಿಲ ಹತ್ರ ಹಾಸ್ಕೊಡು. ಆ ಹಾಸಿಗೆ ಬೇರೆಯವರಿಗೆ ಕೊಡಿ ಅಂತ ನಾಳೆ ಆರೈಕೆ ಮನೆಯವರಿಗೆ ಹೇಳ್ತೀನಿ. ಆದ್ರೆ ಇನ್ನೊಂದ್ಸಲ ನನ್ನ ಹತ್ರ ಮುಚ್ಚಿಟ್ರೆ ನೋಡು ಅಮ್ಮ.”

“ಕೇಳಿದ್ಯಾ ಡೆಲ್? ನಾವೆಲ್ಲೂ ಹೋಗಲ್ಲ. ಕೋಟು ಬಿಚ್ಚು, ಊಟ ಮಾಡೋಣ.”

ಅವನು ಬಾಗಿಲನ್ನೇ ನೋಡುತ್ತ ಬೇಡವೆಂದು ತಲೆಯಾಡಿಸಿದ. ಕರೆದೊಯ್ಯಲು ಬರುವವರನ್ನು ಕಾಯಿಸಬಾರದು ಎಂಬಂತೆ ಮತ್ತೆ ಬೆಂಚಿನ ಮೇಲೆ ಕೂತ. ಅಲ್ವಿನಾ ಮೂರು ಬಟ್ಟಲಿಗೆ ಸೂಪು ಬಡಿಸಿದಳು. ಗೂಟದಿಂದ ತನ್ನ ಕೋಟನ್ನೂ ತೆಗೆದು ತೊಟ್ಟು, ಕತ್ತಿನವರೆಗೆ ಗುಂಡಿ ಹಾಕಿಕೊಂಡು, ಹೀಟರಿನ ಆ ಸೆಕೆಯಲ್ಲಿ ಅವನ ಪಕ್ಕ ಕೂತು ಉಣ್ಣತೊಡಗಿದಳು. ಅವನು ಅವಳನ್ನು ಒಮ್ಮೆ ನೋಡಿ, ತಾನೂ ಚಮಚ ಕೈಗೆತ್ತಿಕೊಂಡ.